ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಮಳೆಗೆ ಒಗ್ಗೀತೆ?

ವಯನಾಡಿನ ಮೂಡಣ ಅಂಚಿನ ನಮ್ಮ ಹಳ್ಳಿಗಳಲ್ಲಿ ಈಚೆಗೆ ದ್ರಾಕ್ಷಿಯ ಮಾತು ಕೇಳಿಬರುತ್ತಿದೆ. ಶುಂಠಿ ಹಾಕಲು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆಗಳ ಕಡೆಗೆ ಹೋಗಿಬರುವ ನಮ್ಮವರಲ್ಲಿ ಕೆಲವರು ದೇವನಹಳ್ಳಿ, ಚಿಕ್ಕಬಳ್ಳಾಪುರದವರೆಗೂ ಹೋಗಿ, ಅಲ್ಲಿಯ ಕಲ್ಲುಕಂಬದ ಚಪ್ಪರಗಳನ್ನೂ ಅವುಗಳಡಿ ತೂಗುವ ಕಪ್ಪು ಗೊನೆಗಳನ್ನೂ ಕಂಡು ಬಂದಿದ್ದಾರೆ. ಸಸಿ ಮಾರುವವರೂ ಮನೆಬಾಗಿಲಿಗೆ ಬಂದು ಆಸೆ ಹಚ್ಚುತ್ತಿದ್ದಾರೆ. "ಮೇಷ್ಟ್ರೇ, ಮೆಣಸಿನ ಬಳ್ಳಿ ಸೊರಗಿಹೋದ ಜಾಗದಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿಸಿದರೆ ಆಗದೇ? ಕೆಂಪು ವೈನು ಮಾಡುವವರು ತೋಟಕ್ಕೇ ಬಂದು ಕೊಳ್ಳುತ್ತಾರಂತಲ್ಲ" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಇಲ್ಲಿ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟು: ಮನೆಗೊಂದು ಬಳ್ಳಿ ಇರಲಿ, ಸಂತೋಷ. ಕಾಫಿ ಕಿತ್ತು, ಸಾಲ ಮಾಡಿ, ಎಕರೆಗಟ್ಟಲೆ ಚಪ್ಪರ ಹಾಕುವುದು ಬೇಡ.

ಹೀಗೆಂದರೆ ಮೇಷ್ಟ್ರು ಹೊಸದಕ್ಕೆಲ್ಲ ಅಡ್ಡ ಎನ್ನುವವರಿದ್ದಾರೆ. ಆದ್ದರಿಂದ ಕಾರಣಗಳನ್ನು ಬಿಡಿಸಿ ಹೇಳಬೇಕಾಗಿದೆ. ಹೆಣ್ಣು ತರುವ ಮುಂಚೆ ಮನೆತನ ವಿಚಾರಿಸುವ ಹಾಗೆ, ಬಳ್ಳಿ ತರುವ ಮುಂಚೆಯೂ ಅದರ ಕುಲ, ಗುಣ, ಹುಟ್ಟಿ ಬೆಳೆದ ಸೀಮೆಯ ಹವೆ ಇವನ್ನು ವಿಚಾರಿಸುವುದು ರೈತನಾದವನ ಕೆಲಸ.

ಬೆಂಗಳೂರು ನೀಲಿ, ಅಂದರೆ ಪೇಟೆಯವರು ಬೆಂಗಳೂರು ಬ್ಲೂ ಎನ್ನುವ ತಳಿ, ಯೂರೋಪಿನ ದ್ರಾಕ್ಷಿಯ ಶುದ್ಧ ಕುಲದ್ದಲ್ಲ. ಅಮೇರಿಕದ ಕಾಡುದ್ರಾಕ್ಷಿಯಾದ ಲಬ್ರುಸ್ಕದ ರಕ್ತ ಇದರಲ್ಲಿದೆ. 19ನೆಯ ಶತಮಾನದ ಆರಂಭದಲ್ಲಿ ಅಮೇರಿಕದಲ್ಲಿ ಹೆಸರಾದ ಇಸಾಬೆಲ್ಲ ಎಂಬ ತಳಿಯೇ ಇದು ಎಂಬುದು ತಿಳಿದವರಲ್ಲಿ ಹಲವರ ಮತ. ಬೆಂಗಳೂರಿನ ಸುತ್ತಿನ ರೈತರ ಕೈಯಲ್ಲಿ ತಲೆಮಾರುಗಳಿಂದ ಪಳಗಿ, ಆ ಮಣ್ಣಿನದೇ ಆಗಿಹೋಗಿದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮುದ್ರೆಯೂ ದೊರಕಿತು.

ಹಣ್ಣು ಚಿಕ್ಕದು, ಬೀಜವುಳ್ಳದ್ದು. ಮಾಗಿದಾಗ ಕಡು ನೇರಳೆ ಬಣ್ಣ, ಮೇಲೆ ಬೂದಿ ಸವರಿದಂಥ ತೆಳು ಪೊರೆ. ಬೆರಳಿನಿಂದ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಇಡಿಯಾಗಿ ಜಾರಿಬರುತ್ತದೆ; ಇದು ಅಮೇರಿಕದ ಕುಲದ ಗುರುತು. ಇನ್ನೊಂದು ಗುರುತು ವಾಸನೆ. ಒಂದು ಬುಟ್ಟಿ ಹಣ್ಣನ್ನು ಕೋಣೆಯಲ್ಲಿಟ್ಟರೆ ಮನೆಯೆಲ್ಲ ಘಮಘಮಿಸುತ್ತದೆ. ನಮ್ಮ ಮಕ್ಕಳಿಗೆ ದ್ರಾಕ್ಷಿಯ ವಾಸನೆಯೆಂದರೆ ಇದೇ. ಆದರೆ ವೈನಿನ ರುಚಿ ನೋಡುವವರು ಇದೇ ವಾಸನೆಗೆ ಮೂಗು ಮುರಿಯುತ್ತಾರೆ. ನರಿಯ ವಾಸನೆ ಎಂದು ಕರೆಯುತ್ತಾರೆ. ಒಬ್ಬರ ಪರಿಮಳ ಇನ್ನೊಬ್ಬರಿಗೆ ದುರ್ಗಂಧವಾಗುವುದು ಹಲಸಿನ ಹಣ್ಣಿನ ವಿಷಯದಲ್ಲಿ ನಾವೇ ಕಂಡಿದ್ದೇವಲ್ಲ! ಫ್ರಾನ್ಸ್ ದೇಶದಲ್ಲಂತೂ 1934ರಲ್ಲಿ ಕಾನೂನು ಮಾಡಿ, ಇಸಾಬೆಲ್ಲವೂ ಸೇರಿದಂತೆ ಅಮೇರಿಕದ ರಕ್ತದ ಆರು ತಳಿಗಳನ್ನು ವೈನಿಗಾಗಿ ಬೆಳೆಯುವುದನ್ನು ತಡೆದರು. ಬ್ರೆಜಿಲ್ ದೇಶದವರು ಅದೇ ಇಸಾಬೆಲ್ಲವನ್ನು ಅಪಾರವಾಗಿ ಬೆಳೆದು, ಜನಸಾಮಾನ್ಯರ ವೈನು, ಹಣ್ಣಿನ ರಸ ಎರಡನ್ನೂ ಮಾಡಿಕೊಂಡು ಸುಖವಾಗಿದ್ದಾರೆ.

ಇದೆಲ್ಲ ರೈತನಿಗೆ ಏಕೆ ಬೇಕು ಎಂದರೆ, ಬೆಲೆಯ ಗುಟ್ಟು ಇಲ್ಲಿದೆ. ಮಾಗಿದ ಬೆಂಗಳೂರು ನೀಲಿಯ ರಸದಲ್ಲಿ ನೂರಕ್ಕೆ 16ರಿಂದ 18 ಪಾಲು ಸಿಹಿ ಇರುತ್ತದೆ, ಹುಳಿಯೂ ಮುಂದಾಗಿರುತ್ತದೆ. ಕೆಂಪು ವೈನೆಂದರೆ ಸಿಪ್ಪೆಯ ಸಮೇತ ಹುದುಗು ಬರಿಸಿದ ರಸ, ಬಣ್ಣವೆಲ್ಲ ಸಿಪ್ಪೆಯದು. ಹುದುಗು ಸಿಹಿಯನ್ನು ತಿಂದು ಮದ್ಯಸಾರ ಮಾಡುತ್ತದೆ. 17 ಪಾಲು ಸಿಹಿಯಿದ್ದರೆ ಮದ್ಯಸಾರ ನೂರಕ್ಕೆ 9ರಿಂದ 10 ಪಾಲು ಬಂದೀತು. ಊಟದ ಜೊತೆ ಕುಡಿಯುವ ಒಳ್ಳೆಯ ಕೆಂಪು ವೈನಿಗೆ 12-13 ಪಾಲು ಬೇಕು. ಆದ್ದರಿಂದ ಈ ಹಣ್ಣಿನಿಂದ ಮಾಡುವಾಗ ಸಕ್ಕರೆ ಸೇರಿಸಬೇಕಾಗುತ್ತದೆ, ಮತ್ತು ಇದು ಹೆಚ್ಚಾಗಿ ಸಿಹಿಯಾದ ಪೋರ್ಟ್ ಮಾದರಿಯ ಅಗ್ಗದ ವೈನಿಗೇ ಹೋಗುತ್ತದೆ. ದುಬಾರಿ ಶೀಷೆಗಳಿಗೆ ಹೋಗುವ ದ್ರಾಕ್ಷಿ ಬೇರೆ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆ, ಗ್ರೋವರ್ ಮನೆತನದವರು 1988ರಿಂದ ಬೆಳೆಸಿಕೊಂಡು ಬಂದದ್ದು ಕ್ಯಾಬರ್ನೆ, ಶಿರಾಜ್ ಮುಂತಾದ ಯೂರೋಪಿನ ತಳಿಗಳು. ಸಸಿ ಮಾರುವವರು ಹೇಳುವ ಬೆಲೆ ಆ ತಳಿಗಳದು. ಕೈಗೆ ಕೊಡುವ ಸಸಿ ಬೆಂಗಳೂರು ನೀಲಿಯದು. ಈ ವ್ಯತ್ಯಾಸವನ್ನು ಕೇಳಿ ತಿಳಿದುಕೊಳ್ಳದೆ ಯಾರೂ ಮುಂಗಡ ಕೊಡಬಾರದು.

ಹಾಗಾದರೆ ಕ್ಯಾಬರ್ನೆ, ಶಿರಾಜ್‌ಗಳನ್ನೇ ತಂದರಾಯಿತು ಎನ್ನಬೇಡಿ. ನಮ್ಮ ಹವೆಯಲ್ಲಿ ಅವು ಬೆಂಗಳೂರು ನೀಲಿಗಿಂತ ಬೇಗ ಸೋಲುತ್ತವೆ. ನೀಲಿಗೆ ಅಮೇರಿಕದ ಕಾಡುಕುಲದಿಂದ ಬಂದ ಒಂದಿಷ್ಟು ಗಟ್ಟಿತನವಾದರೂ ಇದೆ. ಚಿಬ್ಬುರೋಗವನ್ನು ಚೆನ್ನಾಗಿ ತಡೆಯುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದನ್ನು ಬ್ಲ್ಯಾಕ್ ಚಂಪಾ ಎಂಬ ತಳಿಯೊಡನೆ ಕೂಡಿಸಿ ಅರ್ಕ ಶ್ಯಾಮ್ ಎಂಬ ಮಿಶ್ರತಳಿಯನ್ನು ಹೊರತಂದದ್ದೂ ಇಂಥ ಗುಣಗಳಿಗಾಗಿಯೇ. ಆದರೆ ಬೂಜುರೋಗದ ಮುಂದೆ ನೀಲಿಯೂ ಬಗ್ಗುತ್ತದೆ. ನಮ್ಮ ನಾಡಿನಲ್ಲಿ ದೊಡ್ಡ ಹಗೆ ಈ ಬೂಜುರೋಗವೇ.

ಇನ್ನು ಹವೆಯ ವಿಚಾರ. ನಕ್ಷೆ ನೋಡಿದವರಿಗೆ ಮೊದಲು ಆಸೆಯೇ ಆಗುತ್ತದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ನಮ್ಮ ವಯನಾಡಿನ ಹಳ್ಳಿಗಳು 700ರಿಂದ 1000 ಮೀಟರ್ ಎತ್ತರದಲ್ಲಿವೆ. ಅಲ್ಲಿಯೂ ರಾತ್ರಿ ತಂಪು, ಇಲ್ಲಿಯೂ ತಂಪು. ಆದರೆ ಬೆಂಗಳೂರಿನ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಒಂದು ಸಾವಿರ ಮಿಲಿಮೀಟರಿನ ಒಳಗೆ. ನಮ್ಮಲ್ಲಿ ಲಕ್ಕಿಡಿ, ವೈತ್ತಿರಿಯ ಕಡೆ ನಾಲ್ಕು ಸಾವಿರ ದಾಟುವುದುಂಟು. ಅಲ್ಲಿಂದ ಮೂಡಣಕ್ಕೆ ಬರುಬರುತ್ತ ಮಳೆ ಇಳಿಯುತ್ತದೆ. ಕಬಿನಿಯ ದಡದ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಗಳಲ್ಲಿ ಅದರ ಅರ್ಧವೂ ಇರುವುದಿಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರವಿರುವಾಗ ವಯನಾಡಿಗೆ ದ್ರಾಕ್ಷಿ ಆಗುತ್ತದೆ ಎಂದಾಗಲಿ ಆಗುವುದಿಲ್ಲ ಎಂದಾಗಲಿ ಒಂದೇ ಮಾತಿನಲ್ಲಿ ಹೇಳುವವರನ್ನು ನಂಬುವ ಹಾಗಿಲ್ಲ. ಕಲ್ಪೆಟ್ಟದಿಂದ ಪಡುವಣದವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ತಮ್ಮ ಕಾಫಿ ನೋಡಿಕೊಳ್ಳಬಹುದು. ಮುಂದಿನ ಮಾತು ಮೂಡಣದವರಿಗೆ.

ಮೆಣಸೂ ಬಳ್ಳಿ, ದ್ರಾಕ್ಷಿಯೂ ಬಳ್ಳಿ. ಹೋಲಿಕೆ ಅಲ್ಲಿಗೆ ಮುಗಿಯಿತು. ಮೆಣಸಿಗೆ ಮರದ ಆಸರೆ, ನೆರಳು, ಜೂನಿನ ಜಡಿಮಳೆ ಬೇಕು. ಆ ಮಳೆಯಲ್ಲಿಯೇ ಅದರ ಕರೆ ಕಾಳುಗಟ್ಟುತ್ತದೆ. ದ್ರಾಕ್ಷಿಗೆ ನೆರಳು ಆಗದು, ಹೂವಿನ ಕಾಲದ ಮಳೆ ಆಗದು, ಹಣ್ಣಿನ ಕಾಲದ ಮಳೆಯಂತೂ ಆಗಲೇ ಆಗದು. ಸಿಲ್ವರ್ ಮರಕ್ಕೋ ಮುರಿಕ್ಕಿನ ಮರಕ್ಕೋ ಹಬ್ಬಿಸಿದ ದ್ರಾಕ್ಷಿ ಎಲೆ ಬಿಡುತ್ತದೆಯೇ ಹೊರತು ಗೊನೆ ಬಿಡುವುದಿಲ್ಲ. ಆದ್ದರಿಂದ ಮೆಣಸು ಸತ್ತ ಜಾಗಕ್ಕೆ ದ್ರಾಕ್ಷಿ ಎಂಬ ಲೆಕ್ಕವೇ ತಪ್ಪು. ನಿಧಾನ ಸೊರಗುರೋಗದಿಂದ ಮೆಣಸು ಹೋದ ಮಣ್ಣಿನಲ್ಲಿ ಬೇರುಗಂಟಿನ ಜಂತುಹುಳು ಉಳಿದಿರುತ್ತದೆ. ಅದು ದ್ರಾಕ್ಷಿಯ ಬೇರಿಗೂ ಬೀಳುತ್ತದೆ.

ಚಳಿದೇಶಗಳಲ್ಲಿ ದ್ರಾಕ್ಷಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ, ವಸಂತದಲ್ಲಿ ಏಳುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ನಾವೇ ಕತ್ತರಿ ಹಿಡಿದು ಸವರಿ ಎಬ್ಬಿಸಬೇಕು. ಬೆಂಗಳೂರು ನೀಲಿಯ ದೊಡ್ಡ ಗುಣವೆಂದರೆ ಕಡ್ಡಿಯ ಬುಡದ ಕಣ್ಣುಗಳಲ್ಲಿಯೂ ಗೊನೆ ಬಿಡುತ್ತದೆ. ಯಾವಾಗ ಸವರಿದರೂ ಹೂವು ತೋರಿಸುತ್ತದೆ. ಅಲ್ಲಿಯ ರೈತರು ಇದೇ ಗುಣದಿಂದ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಸವರಿದ ದಿನದಿಂದ ಹಣ್ಣಿಗೆ ನಾಲ್ಕರಿಂದ ಐದು ತಿಂಗಳು. ಈ ಲೆಕ್ಕವನ್ನು ನಮ್ಮ ಪಂಚಾಂಗದಲ್ಲಿಟ್ಟು ನೋಡೋಣ.

ಬೇಸಿಗೆಯಲ್ಲಿ ಸವರಿದರೆ ಗೊನೆ ಮಾಗುವುದು ಕರ್ಕಾಟಕದ ಮಳೆಯಲ್ಲಿ. ಅದನ್ನು ಕೇಳುವುದೇ ಬೇಡ. ಹೀಗಾಗಿ ನಮಗೆ ಒಂದೇ ಬೆಳೆ: ತುಲಾಮಾಸದ ಮಳೆಯ ಜೋರು ತಗ್ಗಿದ ಮೇಲೆ, ಅಕ್ಟೋಬರ್ ಕೊನೆಗೆ ಅಥವಾ ನವೆಂಬರ್ ಮೊದಲಲ್ಲಿ ಸವರಬೇಕು, ಡಿಸೆಂಬರಿನಲ್ಲಿ ಹೂವು, ಮಾರ್ಚಿಯಲ್ಲಿ ಹಣ್ಣು. ಕೇಳಲು ಚೆನ್ನಾಗಿದೆ. ಆದರೆ ಎರಡು ಕಡೆಯೂ ಕತ್ತಿ ತೂಗುತ್ತಿದೆ. ಮೊದಲಿಗೆ, ನವೆಂಬರಿನಲ್ಲಿ ಎಳೆ ಚಿಗುರು ಬರುವ ಹೊತ್ತಿಗೆ ನಮ್ಮಲ್ಲಿ ಹಿಂಗಾರಿನ ಉಳಿದ ಮಳೆ, ಅದರ ಮೇಲೆ ಮಂಜು. ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಮನೆಯ ಬಳ್ಳಿಯ ಎಲೆಗಳನ್ನು ಮುಟ್ಟಿ ನೋಡಿಸಿದ್ದೇವೆ. ಬೆಳಗಿನ ಒಂಬತ್ತೂವರೆಗೆ ಗಂಟೆ ಹೊಡೆಯುವಾಗಲೂ ಎಲೆ ಒದ್ದೆಯಾಗಿಯೇ ಇರುತ್ತದೆ. ಬೂಜುರೋಗದ ಬೀಜಾಣುವಿಗೆ ಬೇಕಾದದ್ದು ಅಷ್ಟೇ. ಎಲೆಯ ಮೇಲಿನ ನೀರಿನಲ್ಲಿ ಈಜಿ, ಕೆಳಗಿನ ಸಣ್ಣ ರಂಧ್ರಗಳಿಂದ ಒಳಹೊಕ್ಕುತ್ತದೆ. ಮೊದಲು ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಆಮೇಲೆ ಅಡಿಯಲ್ಲಿ ಬಿಳಿ ತುಪ್ಪಳು. ಹೂಗೊನೆಗೆ ತಗುಲಿದರೆ ಗೊನೆಯೇ ಒಣಗಿ ಕಡ್ಡಿಯಾಗುತ್ತದೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. ಫೆಬ್ರವರಿ, ಮಾರ್ಚಿಯಲ್ಲಿ ನಾವೆಲ್ಲ ಆಕಾಶ ನೋಡುತ್ತ ಕೂರುವುದು ಯಾವುದಕ್ಕೆ? ಕಾಫಿಯ ಹೂಮಳೆಗೆ. ಒಂದು ಒಳ್ಳೆಯ ಮಳೆ ಬಿದ್ದರೆ ರೋಬಸ್ಟಾ ಗಿಡವೆಲ್ಲ ಬೆಳ್ಳಗಾಗಿ, ವರ್ಷದ ಅನ್ನ ಬಂತೆಂದು ಕೈಮುಗಿಯುತ್ತೇವೆ. ಅದೇ ಮಳೆ ಮಾಗುತ್ತಿರುವ ದ್ರಾಕ್ಷಿಯ ಮೇಲೆ ಬಿದ್ದರೆ ಹಣ್ಣು ನೀರು ಕುಡಿದು ಬಿರಿಯುತ್ತದೆ, ಕೊಳೆಯುತ್ತದೆ. ಬಿರಿಯದ ಹಣ್ಣಿನಲ್ಲಿಯೂ ಸಿಹಿ ಇಳಿಯುತ್ತದೆ. ಬೇಲಿಯ ಈಚೆಗೆ ಕಾಫಿ, ಆಚೆಗೆ ದ್ರಾಕ್ಷಿ ಇಟ್ಟುಕೊಂಡವನು ದೇವರಲ್ಲಿ ಏನೆಂದು ಬೇಡಿಕೊಳ್ಳಬೇಕು? ಮಳೆ ಬಾ ಎನ್ನಬೇಕೋ, ಬೇಡ ಎನ್ನಬೇಕೋ?

ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯಿದೆ. ಗೊನೆ ಹುಟ್ಟುವುದು ಸವರಿದ ಮೇಲೆ ಅಲ್ಲ. ಅದಕ್ಕೆ ತಿಂಗಳುಗಳ ಹಿಂದೆಯೇ, ಹಿಂದಿನ ಚಿಗುರಿನ ಕಣ್ಣಿನೊಳಗೆ ಅದರ ಮೊಳಕೆ ನಿಶ್ಚಯವಾಗಿರುತ್ತದೆ. ಆಗ ಕಡ್ಡಿಗೆ ಬಿಸಿಲು ಬೇಕು. ಮೋಡ ಕವಿದು ಬೆಳಕಿಲ್ಲದಿದ್ದರೆ ಅದೇ ಕಣ್ಣು ಗೊನೆಯ ಬದಲು ಬರಿಯ ಕುಡಿಬಳ್ಳಿಯಾಗುತ್ತದೆ. ಏಪ್ರಿಲಿನಲ್ಲಿ ಸವರಿದ ಬಳ್ಳಿಗೆ ಆ ಸಮಯ ಬರುವುದು ಮೇ ಕೊನೆ, ಜೂನ್‌ನಲ್ಲಿ. ನಮ್ಮಲ್ಲಿ ಆಗ ಸೂರ್ಯನ ಮುಖ ಕಾಣುವುದು ಎಷ್ಟು ದಿನ? ಬಳ್ಳಿ ದಷ್ಟಪುಷ್ಟವಾಗಿದೆ, ಕಾಯಿ ಮಾತ್ರ ಇಲ್ಲ ಎಂದು ವಯನಾಡಿನ ಮನೆಮನೆಗಳಲ್ಲಿ ಕೇಳುವ ದೂರಿಗೆ ಇದೂ ಒಂದು ಕಾರಣ.

ಔಷಧಿ ಹೊಡೆದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು. ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ನಮಗೆ ಮೆಣಸು, ಅಡಿಕೆಗಳಿಂದ ಪರಿಚಿತ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದು ಹುಟ್ಟಿದ್ದೇ ದ್ರಾಕ್ಷಿಗಾಗಿ ಎಂಬುದು ಹಲವರಿಗೆ ತಿಳಿಯದು. ಅಮೇರಿಕದಿಂದ ಯೂರೋಪಿಗೆ ಬೂಜುರೋಗ ಬಂದು ತೋಟಗಳು ಹಾಳಾಗುತ್ತಿದ್ದಾಗ, ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ಹಾದಿಹೋಕರು ಹಣ್ಣು ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಬಳಿದಿದ್ದ ಮೈಲುತುತ್ತು ಸುಣ್ಣದಿಂದ ರೋಗವೂ ನಿಂತದ್ದನ್ನು ಮಿಲಾರ್ದೆ ಎಂಬ ವಿದ್ವಾಂಸರು ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಳ್ಳರ ಭಯ ರೈತರಿಗೆ ಮಾಡಿದ ಉಪಕಾರ ಇದೊಂದೇ ಇರಬೇಕು! ಆದರೆ ದ್ರಾವಣವು ರೋಗ ಬರುವ ಮುಂಚೆ ಎಲೆಯ ಮೇಲಿರಬೇಕು, ಮಳೆ ತೊಳೆದರೆ ಮತ್ತೆ ಹೊಡೆಯಬೇಕು, ಹೊಸ ಚಿಗುರು ಬಂದಷ್ಟೂ ಸಲ ಹೊಡೆಯಬೇಕು. ಮೆಣಸಿಗೆ ವರ್ಷಕ್ಕೆ ಎರಡು ಸಲ ಹೊಡೆಯಲು ಆಳು ಸಿಗದೆ ಒದ್ದಾಡುವ ನಾವು ದ್ರಾಕ್ಷಿಗೆ ವಾರವಾರ ಹೊಡೆಯುವುದು ಯಾರ ಕೈಯಿಂದ? ಹೊಡೆದದ್ದೆಲ್ಲ ಹೋಗಿ ಸೇರುವುದು ನಮ್ಮ ಬಾವಿಗೆ, ಕಬಿನಿಗೆ.

ಕಂಬಂ ಕಣಿವೆಯವರು ಬೆಳೆಯುವುದಿಲ್ಲವೇ ಎಂದು ಹೋದ ತಿಂಗಳು ಒಬ್ಬ ಯುವಕರು ವಾದ ಮಾಡಿದರು. ಬೆಳೆಯುತ್ತಾರೆ. ತಮಿಳುನಾಡಿನ ತೇನಿ ಜಿಲ್ಲೆಯ ಆ ಕಣಿವೆಯ ಪನ್ನೀರ್ ದ್ರಾಕ್ಷಿಗೆ ಈಗ ಭೌಗೋಳಿಕ ಸೂಚಿಯೂ ಇದೆ. ಕೇರಳದ ಕುಮಿಳಿಯಿಂದ ಘಾಟಿ ಇಳಿದರೆ ಸಿಗುವ ಊರುಗಳು ಅವು. ಆದರೆ ಅದು ಬೆಟ್ಟದ ಬೆನ್ನಿನ ಕಡೆ. ಮಳೆಯ ಮೋಡ ಕೇರಳದ ಮಗ್ಗುಲಿನಲ್ಲಿ ನೀರೆಲ್ಲ ಸುರಿದು, ಬರಿಗೈಯಾಗಿ ಅತ್ತ ದಾಟುತ್ತದೆ. ಅವರಿಗೆ ಬಿಸಿಲೂ ಉಂಟು, ಬೆಟ್ಟದಿಂದ ಇಳಿದ ನೀರೂ ಉಂಟು. ನಮಗೆ ಹೋಲಿಸಿದರೆ ನಮ್ಮಿಂದ ಗುಂಡ್ಲುಪೇಟೆ ಹೇಗೋ ಹಾಗೆ. ಜಪಾನಿನಂಥ ಮಳೆಯ ದೇಶದಲ್ಲಿ ಬಳ್ಳಿಯ ಮೇಲೆ ಪ್ಲಾಸ್ಟಿಕ್ ಮಾಡು ಕಟ್ಟಿ ಬೆಳೆಯುವುದೂ ಉಂಟು. ಅಲ್ಲಿ ಒಂದೊಂದು ಗೊನೆಯನ್ನು ಉಡುಗೊರೆಯಾಗಿ ಕೊಳ್ಳುವ ಜನರಿದ್ದಾರೆ. ಕಿಲೋ ಲೆಕ್ಕದಲ್ಲಿ ವೈನಿಗೆ ಮಾರುವ ಹಣ್ಣಿಗೆ ಮಾಡು ಕಟ್ಟಿದರೆ ಮಾಡಿನ ಸಾಲವೇ ತೀರುವುದಿಲ್ಲ.

ಇನ್ನು ಮಾರಾಟ. ಇದರಲ್ಲಿ ಗಡಿಯ ಈಚೆಗಿರುವ ನಮ್ಮ ಪಾಡೇ ಬೇರೆ. ಕರ್ನಾಟಕದಲ್ಲಿ 2007ರಲ್ಲಿ ದ್ರಾಕ್ಷಾರಸ ನೀತಿಯೊಂದನ್ನು ಮಾಡಿ, ಅದಕ್ಕಾಗಿ ಮಂಡಳಿಯನ್ನೂ ಸ್ಥಾಪಿಸಿದರು. ಅಲ್ಲಿಯ ರೈತನಿಗೆ ಹಣ್ಣಿನಂಗಡಿ, ರಸದ ಕಾರ್ಖಾನೆ, ವೈನಿನ ಕಾರ್ಖಾನೆ ಎಂದು ಮೂರು ಬಾಗಿಲು. ನಮಗೆ ಅವು ದೂರ. ಬತ್ತೇರಿಯಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು 300 ಕಿಲೋಮೀಟರ್. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಸಂಜೆ ಕೊಯ್ದು ರಾತ್ರಿಯ ತಂಪಿನಲ್ಲಿ ಸಾಗಿಸಬೇಕಾದ ಹಣ್ಣು ಹಗಲಿನ ಬಿಸಿಲಲ್ಲಿ ಕುಲುಕಾಡುತ್ತ ಹೋಗಬೇಕು. ಕೇರಳದಲ್ಲಿಯೂ 2022ರಲ್ಲಿ ಹಣ್ಣುಹಂಪಲಿನಿಂದ ವೈನು ಮಾಡುವ ಸಣ್ಣ ಘಟಕಗಳಿಗೆ ನಿಯಮಗಳು ಬಂದಿವೆ. ಆದರೆ ಅದಕ್ಕೆ ಅಬ್ಕಾರಿ ಇಲಾಖೆಯ ಪರವಾನಗಿ ಬೇಕು. ಕ್ರಿಸ್ಮಸ್ಸಿಗೆ ಭರಣಿಯಲ್ಲಿ ಹಾಕಿಡುವುದನ್ನು ನೋಡಿ, ನಾವೂ ಮನೆಯಲ್ಲಿ ಮಾಡಿ ಮಾರಿದರಾಯಿತು ಎಂದುಕೊಂಡವರು ಕಾನೂನಿನ ಕೈಗೆ ಸಿಕ್ಕುತ್ತಾರೆ. ಈ ನಿಯಮಗಳೆಲ್ಲ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಕನ್ನಡದಲ್ಲಿ ಓದಿ ಹೇಳುವವರಿಲ್ಲ. ಸಸಿಯ ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತದೆ!

ಇಂಥ ಆಸೆಗಳು ನಮಗೆ ಹೊಸದಲ್ಲ. 2003ರ ಸುಮಾರಿಗೆ ವೆನಿಲ್ಲಾದ ಬೆಲೆ ಆಕಾಶಕ್ಕೇರಿದಾಗ ಒಂದೊಂದು ಅಡಿ ಬಳ್ಳಿಯನ್ನು ಚಿನ್ನದ ಹಾಗೆ ಅಳೆದು ಕೊಂಡವರು ಈ ಜಿಲ್ಲೆಯಲ್ಲಿ ಎಷ್ಟು ಜನ! ಎರಡೇ ವರ್ಷದಲ್ಲಿ ಬೆಲೆ ಕುಸಿಯಿತು. ಲಾಭ ಮಾಡಿದವರು ಬಳ್ಳಿ ಮಾರಿದವರು, ಕಾಯಿ ಬೆಳೆದವರಲ್ಲ. ಅದೇ ವರ್ಷಗಳಲ್ಲಿ ಮೆಣಸು, ಕಾಫಿಗಳ ಬೆಲೆ ಬಿದ್ದು, ಸಾಲ ತೀರಿಸಲಾಗದೆ ವಯನಾಡಿನಲ್ಲಿ ಎಷ್ಟೋ ರೈತರು ಪ್ರಾಣ ಕಳೆದುಕೊಂಡರು. ಆ ಮನೆಗಳ ಮಕ್ಕಳಿಗೆ ಪಾಠ ಹೇಳಿದ ನಮಗೆ ಸಾಲದ ಚಪ್ಪರದ ಮಾತು ಕೇಳಿದರೆ ಹೊಟ್ಟೆ ತಳಮಳಿಸುತ್ತದೆ. ದ್ರಾಕ್ಷಿಗೆ ಕಂಬ, ತಂತಿ, ಗುಂಡಿ, ಹನಿನೀರು, ಹಕ್ಕಿ ಬಾವಲಿ ಮಂಗಗಳಿಂದ ಕಾಯಲು ಬಲೆ, ಎಲ್ಲವೂ ಮೊದಲ ಗೊನೆ ಕಾಣುವ ಮುಂಚೆಯೇ ಖರ್ಚು. ಕಾಫಿ ಗಿಡ ಒಂದು ವರ್ಷ ಅಲಕ್ಷ್ಯ ಮಾಡಿದರೂ ಬದುಕಿಕೊಳ್ಳುತ್ತದೆ. ದ್ರಾಕ್ಷಿ ಹದಿನೈದು ದಿನದ ಅಲಕ್ಷ್ಯವನ್ನೂ ಕ್ಷಮಿಸದು.

ಮನೆಯ ಬಳ್ಳಿಯ ಮಾತು ಬೇರೆ. ಮೂಡು ಅಥವಾ ತೆಂಕು ಮುಖದ ಅಂಗಳದಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ, ಗೋಡೆಗೆ ಹತ್ತಿರವಾಗಿ ಒಂದು ಬಳ್ಳಿ ನೆಡಿ. ಬಿಸಿಲು ಬೇಗ ಬಿದ್ದಷ್ಟೂ ಎಲೆ ಬೇಗ ಒಣಗುತ್ತದೆ. ಗುಂಡಿಗೆ ಸುಣ್ಣ ಹಾಕುವುದನ್ನು ಮರೆಯಬಾರದು. ನಮ್ಮ ಮಣ್ಣು ಹುಳಿ. ಮಾಡಿನ ನೀರು ಬುಡದಲ್ಲಿ ನಿಲ್ಲದಂತೆ ಚರಂಡಿ ತೆಗೆಯಿರಿ. ಮಳೆಗಾಲದಲ್ಲಿ ಅದರಿಂದ ಏನನ್ನೂ ಆಶಿಸಬೇಡಿ, ಬದುಕಿದ್ದರೆ ಸಾಕು. ನವೆಂಬರ್ ಹೊತ್ತಿಗೆ ಕಡ್ಡಿಗೆ ಎರಡು ಮೂರು ಕಣ್ಣು ಬಿಟ್ಟು ಧೈರ್ಯವಾಗಿ ಸವರಿ. ಕತ್ತರಿ ಹಿಡಿಯಲು ಕೈ ಬಾರದೆ ಬಳ್ಳಿಯನ್ನು ಕಾಡಾಗಿಸುವುದೇ ನಮ್ಮ ಮನೆಗಳಲ್ಲಿ ಹೆಚ್ಚು. ಮುಖ್ಯವಾದದ್ದು ಕೊಯ್ಲು. ಕಾಯಿ ಕಪ್ಪಾದ ಕೂಡಲೆ ಮಾಗಿತೆಂದು ತಿಳಿಯಬಾರದು. ಬಣ್ಣ ತಿರುಗಿದ ಮೇಲೆ ಇನ್ನೂ ಮೂರು ನಾಲ್ಕು ವಾರ ಬೇಕು. ಬಾಳೆ, ಮಾವಿನ ಹಾಗೆ ಇದು ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಮನೆಯ ದ್ರಾಕ್ಷಿ ಬರಿಯ ಹುಳಿ ಎನ್ನುವವರಲ್ಲಿ ಮುಕ್ಕಾಲು ಪಾಲು ಜನ ಅವಸರದಿಂದ ಕಿತ್ತವರು. ಹಾಗೆ ಕಾದು ಕಿತ್ತ ಹಣ್ಣನ್ನು ಬೇಯಿಸಿ, ಸೋಸಿ, ಸಕ್ಕರೆ ಹಾಕಿ ಪಾನಕದ ಸಾರ ಮಾಡಿಟ್ಟರೆ ನೆಂಟರಿಷ್ಟರಿಗೆ ಆಗುತ್ತದೆ. ಅಬ್ಕಾರಿಯವರ ಗೊಡವೆಯೂ ಇಲ್ಲ.

ಇಷ್ಟು ಹೇಳಿದ ಮೇಲೂ ಮುಳ್ಳನ್‌ಕೊಲ್ಲಿ, ಪುಲ್ಪಳ್ಳಿಯ ಒಣ ಅಂಚಿನ ಯುವಕರು ಪರೀಕ್ಷೆ ಮಾಡಿಯೇ ನೋಡುತ್ತೇವೆ ಎಂದರೆ ಬೇಡವೆನ್ನುವುದಿಲ್ಲ. ಹತ್ತು ಸೆಂಟಿನಲ್ಲಿ, ಕೈಯಲ್ಲಿರುವ ಹಣದಿಂದ ಮಾಡಲಿ. ಗದ್ದೆಯಲ್ಲಿ ಬೇಡವೇ ಬೇಡ; ನೀರು ನಿಲ್ಲುವ ವಯಲು ಗಂಧಕಶಾಲೆ, ಜೀರಕಶಾಲೆ ಭತ್ತಕ್ಕೇ ಇರಲಿ. ಕಡಿದಾದ ಇಳಿಜಾರನ್ನು ಅಗೆಯುವುದೂ ಬೇಡ. 2024ರ ಜುಲೈಯಲ್ಲಿ ಚೂರಲ್ಮಲ, ಮುಂಡಕ್ಕೈಗಳಲ್ಲಿ ನಡೆದದ್ದನ್ನು ಕಂಡ ಮೇಲೆ ಬೆಟ್ಟದ ಮೈಯನ್ನು ಮುಟ್ಟುವಾಗ ಕೈ ನಡುಗಬೇಕು. ಮೆಲ್ಲನೆ ಇಳಿಯುವ, ನೀರು ಬಸಿಯುವ ಬಯಲು ನೆಲ ಇದ್ದರೆ ಅಲ್ಲಿ ಮಾಡಲಿ. ಸಸಿ ಕೊಳ್ಳುವ ಮುಂಚೆ ಅಂಬಲವಯಲಿನ ಕೃಷಿ ಸಂಶೋಧನಾ ಕೇಂದ್ರಕ್ಕೆ ಮಣ್ಣನ್ನು ಕೊಂಡುಹೋಗಿ ತೋರಿಸಿ, ಅಲ್ಲಿಯವರನ್ನು ಕೇಳಲಿ. ಮಲಯಾಳದ ತೊಡಕಿದ್ದವರು ನಮ್ಮನ್ನು ಕರೆದರೆ ಭಾನುವಾರ ಬಿಟ್ಟು ಉಳಿದ ರಜಾದಿನಗಳಲ್ಲಿ ಜೊತೆಗೆ ಬರುತ್ತೇವೆ. ಮೂರು ವರ್ಷ ಮಳೆಯ ದಿನ, ಔಷಧಿಯ ಖರ್ಚು, ಗೊನೆಯ ತೂಕ ಇವನ್ನು ನೋಟುಪುಸ್ತಕದಲ್ಲಿ ಬರೆದಿಡಲಿ. ಆ ಪುಸ್ತಕದ ಲೆಕ್ಕವನ್ನು ಈ ಪುಟದಲ್ಲಿ ಅಚ್ಚು ಹಾಕಿಸಲು ಸಂಪಾದಕರನ್ನು ನಾವೇ ಕೇಳಿಕೊಳ್ಳುತ್ತೇವೆ.